ಟೇಪ್ ಹಿಡಿಯುವ ಕೈಗೆ ಪೆನ್ಸಿಲ್: ಮನುಷ್ಯನ ಆಕೃತಿ ಬರೆಯಲು ಕಲಿತ ಅನುಭವ

ಹಾಸನದ ಸಾಲಗಾಮೆ ರಸ್ತೆ ಕಡೆ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸ್, ಚೂಡಿದಾರ್, ಮದುವೆ ಸೀಸನ್ ಬಂದರೆ ಲೆಹಂಗಾ. ಈಗಿನ ಹುಡುಗಿಯರು ಫೋನ್ ತೆಗೆದು, "ಅಕ್ಕಾ, ಈ ಫೋಟೊದ ಕತ್ತು, ಆ ಫೋಟೊದ ತೋಳು, ಇನ್ನೊಂದರ ಬೆನ್ನು" ಎಂದು ಹೇಳಿ ಹೋಗುತ್ತಾರೆ. ಮೂರೂ ಸೇರಿದರೆ ಹೇಗೆ ಕಾಣುತ್ತದೆ ಎಂದು ಹೊಲಿದು ಮುಗಿಯುವವರೆಗೆ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಿಚ್ಚಿ ಹೊಲಿಯುವ ಕೆಲಸ ಜಾಸ್ತಿಯಾದಾಗ, ಮೊದಲೇ ಕಾಗದದ ಮೇಲೆ ಬರೆದು ತೋರಿಸಬೇಕು ಅನ್ನಿಸಿತು. ಬಟ್ಟೆ ಬರೆಯುವುದು ಕಷ್ಟವಾಗಲಿಲ್ಲ. ಅದನ್ನು ತೊಟ್ಟ ಹೆಂಗಸು ಮಾತ್ರ ಕಾಗದದ ಮೇಲೆ ನಿಲ್ಲಲೇ ಇಲ್ಲ.

ಕಳೆದ ಮಳೆಗಾಲದಲ್ಲಿ ಶುರುವಾದ ಈ ಕಲಿಕೆ ಯುಗಾದಿ ಹೊತ್ತಿಗೆ ಒಂದು ಹಂತಕ್ಕೆ ಬಂತು. ಅಂಗಡಿಗೆ ಒಂದು ಡಿಸೈನ್ ಆಲ್ಬಂ ಆಯಿತು. ನಮ್ಮಂಥ ಊರಲ್ಲಿ, ಕೆಲಸದ ನಡುವೆ ಇದನ್ನು ಕಲಿಯಲು ಹೊರಟರೆ ಯಾರನ್ನು ಕೇಳಬೇಕು, ದುಡ್ಡು ಎಲ್ಲಿ ಹೋಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಎಂದು ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ಮೊದಲು ಯೂಟ್ಯೂಬ್ ಹಾಕಿದೆ. ಅಲ್ಲಿ ಎರಡೇ ಥರ. ಒಂದು, "ಹತ್ತೇ ನಿಮಿಷದಲ್ಲಿ ಮನುಷ್ಯನ ಚಿತ್ರ" ಎನ್ನುವುದು. ಇನ್ನೊಂದು, ಭುಜದಲ್ಲಿ ಇಂಥ ಸ್ನಾಯು, ಬೆನ್ನಲ್ಲಿ ಇಂಥ ಸ್ನಾಯು ಎಂದು ಹೆಸರು ಹೇಳುತ್ತಾ ಹೋಗುವುದು. ನಾನು ಹೆಸರುಗಳನ್ನು ಕಟಿಂಗ್ ಟೇಬಲ್ ಮುಂದಿನ ಗೋಡೆಗೆ ಅಂಟಿಸಿಕೊಂಡು ಬಾಯಿಪಾಠ ಮಾಡಿದೆ. ಚಿತ್ರದಲ್ಲಿ ಏನೂ ಸುಧಾರಿಸಲಿಲ್ಲ. ಹೆಸರು ಗೊತ್ತಿರುವ ಸ್ನಾಯುಗಳೆಲ್ಲ ಉಬ್ಬಿಕೊಂಡು ಬಂದವು, ಅಷ್ಟೇ.

ಕೊನೆಗೆ ನಮ್ಮ ಗಿರಾಕಿಯೊಬ್ಬರ ಮೂಲಕ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಸಿಕ್ಕಿದರು. ಹೈಸ್ಕೂಲಿನಲ್ಲಿ ಪಾಠ ಮಾಡಿದವರು. "ದೊಡ್ಡವರಿಗೆ ಹೇಳಿಕೊಡಲ್ಲಮ್ಮ, ಅವರು ಬೇಗ ಬಿಟ್ಟುಬಿಡ್ತಾರೆ" ಎಂದು ಮೊದಲು ಕಳಿಸಿಬಿಟ್ಟರು. ಗಣಪತಿ ಹಬ್ಬ ಆದ ಮೇಲೆ ಮತ್ತೆ ಹೋದೆ. ತಿಂಗಳಿಗೆ 800 ರೂಪಾಯಿ, ಭಾನುವಾರ ಬೆಳಿಗ್ಗೆ ಮಾತ್ರ, ಹೋಂವರ್ಕ್ ತರದಿದ್ದರೆ ಪಾಠವಿಲ್ಲ ಎನ್ನುವ ಷರತ್ತಿನ ಮೇಲೆ ಒಪ್ಪಿದರು. ಊರಲ್ಲಿ ಮೇಷ್ಟ್ರನ್ನು ಹುಡುಕುವವರಿಗೆ ಒಂದು ಮಾತು. ಸೇರುವ ಮೊದಲು ಅವರು ನಿಮ್ಮೆದುರಿಗೇ ಒಬ್ಬ ನಿಂತ ಮನುಷ್ಯನನ್ನು ನೋಡಿ ಬರೆಯುತ್ತಾರಾ, ಕೇಳಿ ನೋಡಿ. ಫೋಟೊ ಮೇಲೆ ಚೌಕ ಹಾಕಿ ನಕಲು ಮಾಡಿಸುವವರು ಬೇರೆ. ಅದೂ ಒಂದು ಕಲೆಯೇ, ಆದರೆ ನಿಮಗೆ ಬೇಕಾದ ಭಂಗಿಯಲ್ಲಿ ಆಕೃತಿ ನಿಲ್ಲಿಸಲು ಅದರಿಂದ ಬರುವುದಿಲ್ಲ.

ಮೊದಲ ಪಾಠಕ್ಕೆ ಮೇಷ್ಟ್ರು ಪೆನ್ಸಿಲ್ ಮುಟ್ಟಿಸಲಿಲ್ಲ. "ನಿನ್ನ ಟೇಪ್ ತಂದಿದ್ದೀಯೇನಮ್ಮ? ನಿನ್ನ ತಲೆ ಅಳೆದುಕೋ" ಎಂದರು. ನೆತ್ತಿಯ ಮೇಲೆ ಒಂದು ಪುಸ್ತಕ, ಗಲ್ಲದ ಕೆಳಗೆ ಒಂದು ಪುಸ್ತಕ ಇಟ್ಟು ನಡುವಿನ ಎತ್ತರ ನೋಡಿದೆವು. ಎಂಟು ಕಾಲು ಇಂಚು. ನನ್ನ ಎತ್ತರ 5 ಅಡಿ 2 ಇಂಚು, ಅಂದರೆ 62 ಇಂಚು. ಭಾಗಿಸಿದರೆ ಏಳೂವರೆ. ದೊಡ್ಡವರ ಎತ್ತರ ಸಾಧಾರಣವಾಗಿ ಏಳೂವರೆ ತಲೆ ಎಂದು ಎಲ್ಲ ಕಡೆ ಹೇಳುತ್ತಾರಲ್ಲ, ಅದು ನನ್ನ ಮೈಯಲ್ಲೇ ಸಿಕ್ಕಿತು. ಅಂಗಡಿಗೆ ಬಂದವರನ್ನೆಲ್ಲ ಅಳೆಯಲು ಶುರು ಮಾಡಿದೆ. ಬ್ಲೌಸ್ ಅಳತೆಗೆ ತಲೆ ಯಾಕಕ್ಕ ಎಂದು ನಗುತ್ತಿದ್ದರು.

ಅದೇ ಅಳತೆಯಿಂದ ಉಳಿದದ್ದೆಲ್ಲ ಬರುತ್ತದೆ. ದೇಹದ ಅರ್ಧ ಸೊಂಟದಲ್ಲಿಲ್ಲ, ಕಾಲು ಕವಲೊಡೆಯುವ ಜಾಗದಲ್ಲಿದೆ. ಕೈ ಇಳಿಬಿಟ್ಟರೆ ಮೊಣಕೈ ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ, ಮಣಿಕಟ್ಟು ಆ ಕವಲಿನ ಮಟ್ಟಕ್ಕೆ, ಬೆರಳ ತುದಿ ತೊಡೆಯ ಮಧ್ಯಕ್ಕೆ. ಕಣ್ಣು ತಲೆಯ ಸರಿಯಾಗಿ ಅರ್ಧದಲ್ಲಿ. ಇದನ್ನು ಯಾರೂ ನಂಬುವುದಿಲ್ಲ, ಕಣ್ಣು ಮೇಲಿದೆ ಎಂದೇ ಎಲ್ಲರ ಲೆಕ್ಕ. ಕನ್ನಡಿ ಮುಂದೆ ಸ್ಕೇಲ್ ಹಿಡಿದು ನೋಡಿ. ಮಣಿಕಟ್ಟಿನಿಂದ ಬೆರಳ ತುದಿವರೆಗಿನ ಉದ್ದ ಗಲ್ಲದಿಂದ ಕೂದಲ ಅಂಚಿನವರೆಗೆ. ಪಾದ ನಾವು ಅಂದುಕೊಳ್ಳುವುದಕ್ಕಿಂತ ದೊಡ್ಡದು, ಮಡಚಿದ ಮೊಣಕೈಯ ಒಳಮೂಲೆಯಿಂದ ಮಣಿಕಟ್ಟಿನವರೆಗಿನ ಉದ್ದಕ್ಕೆ ಹತ್ತಿರ.

ಫ್ಯಾಷನ್ ಚಿತ್ರಗಳಲ್ಲಿ ಒಂಬತ್ತು ತಲೆ ಎತ್ತರ ಹಾಕುತ್ತಾರೆ. ನಾನೂ ಹಾಕಿ ನೋಡಿದೆ. ಲೆಹಂಗಾ ರಾಜಕುಮಾರಿಯ ಹಾಗೆ ಬಂತು. ಆದರೆ ನನ್ನ ಗಿರಾಕಿ ಏಳೂವರೆ ತಲೆಯವಳು. ಚಿತ್ರದಲ್ಲಿ ಮಂಡಿ ಕೆಳಗೆ ಅಷ್ಟುದ್ದ ಬಂದ ಬಾರ್ಡರ್ ಅವಳ ಮೈಮೇಲೆ ಬರುವುದೇ ಇಲ್ಲ. ಆಲ್ಬಂ ಪೂರ್ತಿ ಏಳೂವರೆಗೇ ಇಟ್ಟೆ. ಬೇರೆಯವರು ಬೇರೆ ಹೇಳಬಹುದು, ನನಗೆ ಅದು ಗಿರಾಕಿಗೆ ಸುಳ್ಳು ತೋರಿಸಿದ ಹಾಗೆ.

ಮುಂದಿನ ಪಾಠಗಳಲ್ಲಿ ಬಂದದ್ದೇ ಅಸಲು ವಿಷಯ. ಮೇಷ್ಟ್ರ ಪ್ರಕಾರ ದೇಹ ಅಂದರೆ ಮೂರು ಗಟ್ಟಿ ತುಂಡು: ತಲೆ, ಎದೆಗೂಡು, ಸೊಂಟದ ಎಲುಬು. ತಲೆ ಒಂದು ಚೆಂಡು, ಅದಕ್ಕೆ ದವಡೆ ಸೇರಿಸು. ಎದೆಗೂಡು ಮೊಟ್ಟೆ, ಉದ್ದ ಸುಮಾರು ಒಂದೂವರೆ ತಲೆ. ಸೊಂಟದ್ದು ಒಂದು ಡಬ್ಬ, ಹತ್ತಿರ ಒಂದು ತಲೆ. ಈ ಮೂರು ಬಗ್ಗುವುದಿಲ್ಲ. ಬಗ್ಗುವುದೆಲ್ಲ ಇವುಗಳ ನಡುವೆ, ಕತ್ತಿನಲ್ಲಿ ಮತ್ತು ಹೊಟ್ಟೆಯಲ್ಲಿ. ಕೈಕಾಲು ಕೊಳವೆಗಳು. ಕೀಲು ಇರುವಲ್ಲಿ ಒಂದೊಂದು ಗುಂಡು. ಸ್ನಾಯು ಗೀಯು ಏನೂ ಬೇಡ. "ಮಾಂಸ ಆಮೇಲೆ ನೋಡೋಣಮ್ಮ. ಡಬ್ಬ ಯಾವ ಕಡೆ ವಾಲಿದೆ ಹೇಳು ಮೊದಲು" ಎನ್ನುತ್ತಿದ್ದರು.

ನನಗೆ ಇಲ್ಲಿ ಟೇಪೇ ಅಡ್ಡ ಬಂತು. ಟೇಪ್ ಮೈ ಸುತ್ತ ಹೋಗುತ್ತದೆ. 34 ಎದೆ ಅಂದರೆ ನನಗೆ 34. ಆದರೆ ಮುಂದೆ ನಿಂತು ನೋಡುವ ಕಣ್ಣಿಗೆ ಅದರಲ್ಲಿ ಸುಮಾರು 12 ಇಂಚಿನ ಅಗಲ ಮಾತ್ರ ಸಿಗುತ್ತದೆ. ಉಳಿದದ್ದು ಪಕ್ಕಕ್ಕೆ ತಿರುಗಿ ಬೆನ್ನಿಗೆ ಹೋಗಿರುತ್ತದೆ. ಬಟ್ಟೆ ಕತ್ತರಿಸುವ ನಾವು ಅದನ್ನೆಲ್ಲ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ನೋಡಿ ನೋಡಿ, ದೇಹವೇ ಚಪ್ಪಟೆ ಅಂದುಕೊಂಡಿರುತ್ತೇವೆ. ಮೊಟ್ಟೆಯ ಮೇಲೆ ಮಧ್ಯದ ಗೆರೆ ಎಳೆದು, ಮೊಟ್ಟೆ ತಿರುಗಿದರೆ ಗೆರೆ ಯಾವ ಕಡೆ ಸರಿಯುತ್ತದೆ ಎಂದು ಬರೆಯುವುದನ್ನೇ ಒಂದು ತಿಂಗಳಿಗೂ ಮಿಕ್ಕಿ ಮಾಡಿದೆ. ಬೇಜಾರಿನ ಕೆಲಸ. ಬಿಡಬೇಡಿ. ಬ್ಲೌಸಿನ ಮುಂಭಾಗದ ಹುಕ್ ಪಟ್ಟಿ ಅದೇ ಮಧ್ಯದ ಗೆರೆ ಎಂದು ತಿಳಿದ ಮೇಲೆ ನನಗೆ ಸುಲಭವಾಯಿತು.

ಸಾಮಾನಿನ ಖರ್ಚು ಬೇಗ ಹೇಳಿಬಿಡುತ್ತೇನೆ. 2ಬಿ, 4ಬಿ, 6ಬಿ ಪೆನ್ಸಿಲ್ ಸಾಕು, ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ. ದುಬಾರಿ ಸ್ಕೆಚ್ ಬುಕ್ ಕೊಳ್ಳಬೇಡಿ, ಹಾಳಾಗುತ್ತದೆ ಎಂಬ ಭಯಕ್ಕೆ ಕೈ ಬಿಗಿಯಾಗುತ್ತದೆ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕಟಿಂಗ್ ಆಗಿ ಉಳಿದ ಕಾಗದವನ್ನು ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ, ಕೇಳಿ. ನನಗೆ ಇನ್ನೂರು ರೂಪಾಯಿಗೆ ತಿಂಗಳುಗಟ್ಟಲೆ ಬಂತು. ಆನ್‌ಲೈನ್‌ನಲ್ಲಿ ಮರದ ಗೊಂಬೆ ಸಿಗುತ್ತದೆ, 12 ಇಂಚಿನದು, ಕೈಕಾಲು ಬಗ್ಗಿಸಬಹುದು ಅನ್ನುತ್ತಾರೆ. ಮೊದಲು ಬಂದದ್ದರ ಕತ್ತೇ ಮುರಿದಿತ್ತು, ವಾಪಸ್ ಕಳಿಸಿ ಇನ್ನೊಂದು ಬರುವಷ್ಟರಲ್ಲಿ ದೀಪಾವಳಿ ಹತ್ತಿರ ಬಂದಿತ್ತು. ಬಂದ ಮೇಲೂ ಉಪಯೋಗ ಕಡಿಮೆ. ಅದರ ಸೊಂಟ ಮನುಷ್ಯರ ಸೊಂಟದ ಹಾಗೆ ವಾಲುವುದಿಲ್ಲ, ಭುಜ ಮೇಲೇಳುವುದೇ ಇಲ್ಲ. ಈಗ ಅದು ಅಂಗಡಿಯ ಕಿಟಕಿಯಲ್ಲಿ ಚೂರು ಬಟ್ಟೆ ಉಟ್ಟು ನಿಂತಿದೆ. 450 ರೂಪಾಯಿ ಉಳಿಸಿಕೊಳ್ಳಿ.

ಕೂರಿಸಿ ಬರೆಯಲು ಮನುಷ್ಯರು ಬೇಕಲ್ಲ? ಮನೆಯಲ್ಲಿ ಅತ್ತೆ ಸೀರಿಯಲ್ ನೋಡುವ ಹೊತ್ತು ಚೆನ್ನಾಗಿತ್ತು. ಜಾಹೀರಾತು ಬರುವವರೆಗೆ ಅಲುಗಾಡುವುದಿಲ್ಲ. ಆದರೆ ನಿಂತ ಭಂಗಿ ಬೇಕಿತ್ತು. ಅದಕ್ಕೆ ಸರಿಯಾಗಿ ಹಾಸನಾಂಬೆಯ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ದೀಪಾವಳಿ ಆಸುಪಾಸು ಕೆಲವು ದಿನ ಮಾತ್ರ ದರ್ಶನ. ಸಾಲು ಎಷ್ಟುದ್ದ ಎಂದು ಊರವರಿಗೆ ಹೇಳಬೇಕಿಲ್ಲ. ಎಲ್ಲರೂ ಸಾಲು ಕಂಡು ನಿಟ್ಟುಸಿರು ಬಿಟ್ಟರೆ, ಮೇಷ್ಟ್ರು "ಇಷ್ಟು ಮಾಡೆಲ್ ನಿಂಗೆ ಬೆಂಗಳೂರಲ್ಲೂ ಸಿಗಲ್ಲ, ಹೋಗಮ್ಮ" ಎಂದರು.

ಗಂಟೆಗಟ್ಟಲೆ ನಿಂತವರು ಯಾರೂ ಎರಡು ಕಾಲಿನ ಮೇಲೆ ಸಮನಾಗಿ ನಿಲ್ಲುವುದಿಲ್ಲ. ಒಂದು ಕಾಲಿಗೆ ಭಾರ ಹಾಕಿ, ಇನ್ನೊಂದನ್ನು ಸಡಿಲ ಬಿಡುತ್ತಾರೆ. ಆಗ ನೋಡಿ: ಭಾರ ಬಿದ್ದ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಆ ಪಕ್ಕ ಬ್ಲೌಸ್ ಮತ್ತು ಸೀರೆ ನಡುವಿನ ಜಾಗ ಸುಕ್ಕುಗಟ್ಟುತ್ತದೆ, ಎದುರು ಪಕ್ಕ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಕತ್ತಿನ ಗುಂಡಿಯಿಂದ, ಅಂದರೆ ಗಂಟಲ ಬುಡದ ತಗ್ಗಿನಿಂದ, ನೇರ ಕೆಳಗೆ ಗೆರೆ ಬಿಟ್ಟರೆ ಭಾರ ಹೊತ್ತ ಪಾದದ ಹತ್ತಿರವೇ ಬಂದು ಬೀಳುತ್ತದೆ. ಆ ಗೆರೆ ತಪ್ಪಿದರೆ ಚಿತ್ರದ ಹೆಂಗಸು ಬೀಳುವ ಹಾಗೆ ಕಾಣುತ್ತಾಳೆ. ಒಂದೇ ಕೈಯಲ್ಲಿ ಭಾರದ ಚೀಲ ಹಿಡಿದವರು ಇನ್ನೊಂದು ಕಡೆಗೆ ವಾಲಿರುತ್ತಾರೆ. ಇದನ್ನೆಲ್ಲ ನಾನು ಮುಂಚೆಯೂ ನೋಡಿರಬೇಕು, ಅಲ್ವಾ? ಕಣ್ಣಿಗೆ ಬಿದ್ದದ್ದು ಆವತ್ತು. ಸಾಲಿನಲ್ಲಿ ಬೆಂಕಿಕಡ್ಡಿ ಮನುಷ್ಯರನ್ನೇ ಬರೆದೆ: ಭುಜಕ್ಕೊಂದು ಗೆರೆ, ಸೊಂಟಕ್ಕೊಂದು ಗೆರೆ, ಬೆನ್ನಿಗೊಂದು ಬಾಗಿದ ಗೆರೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ.

ಹೊರಗೆ ಕೂತು ಬರೆಯುವವರಿಗೆ ಒಂದು ಎಚ್ಚರಿಕೆ. ಹೊಸ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ಮುಂದೆ ಬಂದು ನಿಂತು, "ಏನ್ರೀ, ನನ್ನ ಚಿತ್ರ ಯಾಕ್ರೀ ಬರೀತಿದ್ದೀರಾ?" ಎಂದು ಜೋರು ಮಾಡಿದರು. ಪುಸ್ತಕ ತಿರುಗಿಸಿ ತೋರಿಸಿದೆ. ಮೊಟ್ಟೆ, ಡಬ್ಬ, ಕೊಳವೆ ನೋಡಿ ಅವರೇ ಪೆಚ್ಚಾದರು. ಅಂದಿನಿಂದ ಜನರ ಬೆನ್ನ ಹಿಂದೆ ಕೂರುತ್ತೇನೆ, ಮುಖ ಬರೆಯುವುದಿಲ್ಲ. ಬೆನ್ನಿನಲ್ಲೇ ಕಲಿಯುವುದು ಜಾಸ್ತಿ ಇರುತ್ತದೆ. ಮಹಾರಾಜ ಪಾರ್ಕ್ ಇದಕ್ಕೆ ಬಸ್ ಸ್ಟ್ಯಾಂಡಿಗಿಂತ ಹಿತ, ಸಂಜೆ ಬೆಂಚಿನ ಮೇಲೆ ಕೂತವರು ಬೇಗ ಏಳುವುದಿಲ್ಲ.

ನಂತರ ಬೇಲೂರು. ಹಾಸನದಿಂದ ಸುಮಾರು 40 ಕಿಲೋಮೀಟರ್. ಶಕ್ತಿ ಯೋಜನೆ 2023ರಲ್ಲಿ ಬಂದಾಗಿನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಜೊತೆಗಿರಲಿ. ಚೆನ್ನಕೇಶವ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು, ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಕಾಲು ಇಡಲು ಬಿಡುವುದಿಲ್ಲ. ಸಾಕ್ಸ್ ಹಾಕಿಕೊಂಡು ಹೋಗುವುದು ಜಾಣತನ. ಕಾವಲಿನವರು ಏನು ಮಾಡುತ್ತಿದ್ದೀರಿ ಎಂದು ಕೇಳಿದರು, ಪುಸ್ತಕ ತೋರಿಸಿದೆ, ಸುಮ್ನಾದರು.

1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಚಿಕ್ಕಂದಿನಲ್ಲಿ ಶಾಲೆ ಟ್ರಿಪ್ಪಿನಲ್ಲಿ ಬಂದಾಗ ಮದನಿಕೆಯರ ಒಡವೆ ನೋಡಿದ್ದೆ. ಈ ಸಲ ಸೊಂಟದ ಗೆರೆ, ಭುಜದ ಗೆರೆ ನೋಡಿದೆ. ಹಾಸನಾಂಬೆ ಸಾಲಿನಲ್ಲಿ ಕಂಡದ್ದೇ ಅಲ್ಲಿ ಬಳಪದ ಕಲ್ಲಿನಲ್ಲಿ ಇದೆ, ಸ್ವಲ್ಪ ಜಾಸ್ತಿ ಮಾಡಿದ್ದಾರೆ ಅಷ್ಟೇ. ತಲೆ ಒಂದು ಕಡೆ, ಎದೆ ಇನ್ನೊಂದು ಕಡೆ, ಸೊಂಟ ಮತ್ತೆ ಮೊದಲ ಕಡೆಗೆ. ತ್ರಿಭಂಗಿ ಅನ್ನುತ್ತಾರಲ್ಲ, ಅದು ನಮ್ಮ ಮೇಷ್ಟ್ರ ಚೆಂಡು, ಮೊಟ್ಟೆ, ಡಬ್ಬ ಮೂರೂ ಮೂರು ಕಡೆ ವಾಲಿದ್ದು. ದರ್ಪಣ ಸುಂದರಿಯನ್ನು ಮೂರೇ ಆಕಾರದಲ್ಲಿ ಬರೆದು ನೋಡಿ, ಒಡವೆ ಒಂದೂ ಇಲ್ಲದೆ ಅವಳೇ ಎಂದು ಗೊತ್ತಾಗುತ್ತದೆ. ಆದರೆ ಎರಡು ತೊಂದರೆ ಇವೆ. ಮದನಿಕೆಯರು ಸೂರಿನ ಕೆಳಗೆ ಎತ್ತರದಲ್ಲಿ, ಮುಂದಕ್ಕೆ ಬಾಗಿ ಇದ್ದಾರೆ. ಕೆಳಗಿನಿಂದ ನೋಡುವಾಗ ಅಳತೆ ಮೋಸ ಹೋಗುತ್ತದೆ, ಕತ್ತೂ ನೋಯುತ್ತದೆ. ಇನ್ನೊಂದು, ಮಣಿಕಟ್ಟು, ಸೊಂಟ, ಕಣಕಾಲು ಎಲ್ಲ ಕಡೆ ಆಭರಣ. ಕೀಲು ಹೇಗಿದೆ ಎಂದು ಕಲಿಯಲು ಅಲ್ಲಿ ಆಗುವುದಿಲ್ಲ.

ಅದಕ್ಕೆ ಶ್ರವಣಬೆಳಗೊಳವೇ ಸರಿ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಗೊಮ್ಮಟನ ಮೈಮೇಲೆ ಮುಚ್ಚುವಂಥದ್ದು ಏನೂ ಇಲ್ಲ, ಒಂದಿಷ್ಟು ಬಳ್ಳಿ ಬಿಟ್ಟರೆ. ಎದೆ, ಹೊಟ್ಟೆ, ತೊಡೆ ಎಲ್ಲ ದೊಡ್ಡ ದೊಡ್ಡ ಸರಳ ಆಕಾರ. ಎರಡೂ ಕಾಲಿಗೆ ಸಮ ಭಾರ, ಭುಜ ಮಟ್ಟ, ಸೊಂಟ ಮಟ್ಟ. ಬೇಲೂರು ವಾಲುವುದನ್ನು ಕಲಿಸಿತು, ಬೆಳಗೊಳ ವಾಲದೆ ನಿಲ್ಲುವುದನ್ನು. ಎರಡೂ ಒಂದೇ ಜಿಲ್ಲೆಯಲ್ಲಿವೆ, ನಮ್ಮ ಪುಣ್ಯ.

ಶಿಲ್ಪಿಗಳ ಲೆಕ್ಕದ ವಿಷಯದಲ್ಲಿ ನನಗೆ ಒಂದಷ್ಟು ದಿನ ತಲೆ ಕೆಟ್ಟಿತ್ತು. ನವತಾಲ ಎಂದು ಓದಿದೆ, ಒಂಬತ್ತು. ಓಹೋ, ಫ್ಯಾಷನ್ ಚಿತ್ರದ ಒಂಬತ್ತು ತಲೆಯೇ ಇದು ಅಂದುಕೊಂಡರೆ ಅಲ್ಲ. ತಾಲ ಅಂದರೆ ಮುಖದ ಉದ್ದ, ಕೂದಲ ಅಂಚಿನಿಂದ ಗಲ್ಲದವರೆಗೆ, 12 ಅಂಗುಲ. ಈ ಅಂಗುಲ ನಮ್ಮ ಟೇಪಿನ ಇಂಚಲ್ಲ, ತಾಲದ ಹನ್ನೆರಡರಲ್ಲಿ ಒಂದು ಪಾಲು. ನೆತ್ತಿ ಅದರಲ್ಲಿ ಸೇರಿಲ್ಲ. ಮುಖ 12, ಕತ್ತು 4, ಎದೆಯವರೆಗೆ 12, ಹೊಕ್ಕುಳಿಗೆ 12, ಕವಲಿಗೆ 12, ತೊಡೆ 24, ಮಂಡಿ 4, ಮಂಡಿಯ ಕೆಳಗೆ 24, ಪಾದದ ಎತ್ತರ 4. ಒಟ್ಟು 108. ನೆತ್ತಿಗೆ ಇನ್ನೊಂದು 4 ಸೇರಿಸಿ. ತಲೆ 16 ಆಯಿತು, ಎತ್ತರ 112 ಆಯಿತು. ಭಾಗಿಸಿದರೆ ಏಳು ತಲೆ! ಮೇಲಿನಿಂದ ಕವಲಿನವರೆಗೆ 56, ಕಾಲು 56. ಮೇಷ್ಟ್ರು ಮೊದಲ ದಿನ ಹೇಳಿದ ಅರ್ಧ ಅಲ್ಲೇ ಕೂತಿದೆ. ಕ್ಯಾಲ್ಕುಲೇಟರ್ ಹಿಡಿದು ಬಿಲ್ ಪುಸ್ತಕದ ಹಿಂದೆ ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಇನ್ನು ಅಸ್ಥಿಪಂಜರದ ಕಥೆ. ಕೀಲು ಅರ್ಥವಾಗಬೇಕಾದರೆ ಒಮ್ಮೆ ಎಲುಬು ನೋಡಿ ಬಾ ಎಂದರು ಮೇಷ್ಟ್ರು. ಒಂದು ಕಾಲೇಜಿಗೆ ಹೋಗಿ ಕೇಳಿದೆ. ಅರ್ಜಿ ಕೊಡಿ ಎಂದರು. ಬಿಳಿ ಹಾಳೆಯಲ್ಲಿ ಕೊಟ್ಟರೆ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಬೇಕು ಎಂದರು. ನನ್ನ ಅಂಗಡಿಗೆ ಎಲ್ಲಿಯ ಲೆಟರ್‌ಹೆಡ್? ಬಿಲ್ ಪುಸ್ತಕದ ಹಾಳೆಯಲ್ಲೇ ಬರೆದು, ಸೀಲು ಹೊಡೆದು, ಆಧಾರ್ ಜೆರಾಕ್ಸ್, ಎರಡು ಫೋಟೊ ಸೇರಿಸಿ ಕೊಟ್ಟೆ. "ಉದ್ದೇಶ" ಎನ್ನುವಲ್ಲಿ "ಬ್ಲೌಸ್" ಎಂದು ಬರೆಯಲಾಗದೆ "ಚಿತ್ರಕಲಾ ಅಭ್ಯಾಸ" ಎಂದು ಬರೆದೆ. ಒಂದು ಸಲ ಸಾಹೇಬರು ರಜೆ. ಇನ್ನೊಂದು ಸಲ ಫೈಲು ಮುಂದೆ ಹೋಗಿದೆ. ಮತ್ತೊಂದು ಸಲ ಫೈಲು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಹೊರಗಿನವರಿಗೆ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಅಷ್ಟು ಮಧ್ಯಾಹ್ನ ಅಂಗಡಿ ಬಾಗಿಲು ಹಾಕುವುದು ತಪ್ಪುತ್ತಿತ್ತು. ಕೊನೆಗೆ ಪಿಯು ಕಾಲೇಜಿನ ಬಯಾಲಜಿ ಲೆಕ್ಚರರ್ ಒಬ್ಬರು ಬ್ಲೌಸ್ ತೆಗೆದುಕೊಳ್ಳಲು ಬಂದಾಗ ವಿಷಯ ಕೇಳಿ, "ಅಯ್ಯೋ, ನಮ್ಮ ಲ್ಯಾಬಲ್ಲೇ ಒಂದಿದೆ ಬನ್ರೀ" ಎಂದರು. ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳಿ, ಶನಿವಾರ ಕ್ಲಾಸು ಮುಗಿದ ಮೇಲೆ ಬಿಟ್ಟರು. ನೀವೂ ಅಲ್ಲಿಂದಲೇ ಶುರು ಮಾಡಿ.

ಆ ಲ್ಯಾಬಿನಲ್ಲಿ ಕಲಿತದ್ದು ಹೊಲಿಗೆಗೂ ಬಂತು. ತೋಳು ಮೈಗೆ ಎಲುಬಿನಿಂದ ಸೇರುವುದು ಒಂದೇ ಕಡೆ. ಕಾಲರ್ ಬೋನ್ ಎದೆಯ ಮಧ್ಯದ ಎಲುಬಿಗೆ, ಕತ್ತಿನ ಗುಂಡಿಯ ಪಕ್ಕದಲ್ಲಿ ಕೂಡುತ್ತದಲ್ಲ, ಅಲ್ಲಿ. ಹಿಂದಿನ ಹೆಗಲ ಹಲಗೆ ಪಕ್ಕೆಲುಬಿನ ಮೇಲೆ ಸ್ನಾಯುವಿನ ಆಸರೆಯಲ್ಲಿ ಜಾರಾಡುತ್ತಿರುತ್ತದೆ. ಕೈ ಎತ್ತಿದಾಗ ಕಾಲರ್ ಬೋನೂ ಏಳುತ್ತದೆ, ಹಲಗೆಯೂ ತಿರುಗುತ್ತದೆ. "ಕೈ ಎತ್ತಿದರೆ ಬ್ಲೌಸೇ ಮೇಲೆ ಬರುತ್ತೆ ಅಕ್ಕಾ" ಎಂಬ ದೂರು ಎಷ್ಟು ವರ್ಷದಿಂದ ಕೇಳಿದ್ದೇನೋ. ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಕಂಡಿ, ಜಾಸ್ತಿ ಕೆಳಗಿಳಿಸಿದರೆ ತೋಳಿನ ಜೊತೆ ಪಕ್ಕದ ಬಟ್ಟೆಯೂ ಎದ್ದು ಬರುತ್ತದೆ. ಕಂಕುಳಿಗೆ ಹತ್ತಿರ ತಂದರೆ ಬರುವುದು ಕಡಿಮೆ. ಈಗ ಹಾಗೇ ಕತ್ತರಿಸುತ್ತಿದ್ದೇನೆ. ಇನ್ನೂ ಎರಡು ಗುರುತು ಇಟ್ಟುಕೊಳ್ಳಿ: ಕಣಕಾಲಿನ ಒಳಗಿನ ಮೂಳೆಗಂಟು ಮೇಲಿರುತ್ತದೆ, ಹೊರಗಿನದು ಕೆಳಗೆ. ಮೀನಖಂಡದಲ್ಲಿ ಉಲ್ಟಾ, ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಇಷ್ಟು ಓರೆ ಹಾಕಿದರೆ ಕೊಳವೆ ಕಾಲಾಗುತ್ತದೆ. ಲ್ಯಾಬಿನ ಪ್ಲಾಸ್ಟಿಕ್ ಗೊಂಬೆಗಳಲ್ಲಿ ಹೆಗಲ ಹಲಗೆಯನ್ನು ತಂತಿಯಿಂದ ಬಿಗಿದಿರುತ್ತಾರೆ, ಅದು ಅಲುಗಾಡುವುದಿಲ್ಲ. ಚಲನೆ ನೋಡಲು ನಿಮ್ಮ ಮೈಯನ್ನೇ ಮುಟ್ಟಿ ನೋಡಬೇಕು. ಕತ್ತಿನ ಗುಂಡಿ, ತಲೆ ಬಗ್ಗಿಸಿದಾಗ ಹಿಂದೆ ಉಬ್ಬುವ ಕತ್ತಿನ ಮೂಳೆ, ಸೊಂಟದ ಮುಂದಿನ ಎರಡು ಮೊನೆ, ಮೊಣಕೈ, ಮಂಡಿಚಿಪ್ಪು. ದಪ್ಪಗಿರಲಿ ತೆಳ್ಳಗಿರಲಿ, ಹುಡುಕಿದರೆ ಈ ಜಾಗಗಳು ಕೈಗೆ ಸಿಗುತ್ತವೆ.

ಸಂಕ್ರಾಂತಿ ಆದ ಮೇಲೆ ಆಲ್ಬಂ ಕೆಲಸ ಹಿಡಿದೆ. ಮನೆಯಲ್ಲಿ ಯಜಮಾನರು, "ಇಷ್ಟು ದಿನ ಡಬ್ಬ ಬರೀತಿದ್ದೆ, ಇದು ಮನುಷ್ಯರ ಥರ ಇದೆಯಲ್ಲೇ" ಎಂದದ್ದೇ ದೊಡ್ಡ ಸರ್ಟಿಫಿಕೇಟ್. ಮೊದಲು ಡಬ್ಬ, ಮೊಟ್ಟೆ ತೆಳುವಾಗಿ ಹಾಕಿ, ಅದರ ಮೇಲೆ ಬಟ್ಟೆ ತೊಡಿಸುತ್ತೇನೆ. ಗಿರಾಕಿ ಎದುರು ಕೂತಿರುವಾಗಲೇ ಕಾಲು ಗಂಟೆಯಲ್ಲಿ ಒಂದು ಆಕೃತಿ ಬರುತ್ತದೆ. ಮದುವೆ ಲೆಹಂಗಾ ಒಂದರಲ್ಲಿ ಹುಡುಗಿ ಚಿತ್ರ ನೋಡಿಯೇ ಬೆನ್ನಿನ ಡಿಸೈನ್ ಬದಲಿಸಿದಳು. ಬಿಚ್ಚಿ ಹೊಲಿಯುವುದು ತಪ್ಪಿತು, ಮೇಷ್ಟ್ರ ಒಂದು ತಿಂಗಳ ಫೀಸು ಅಲ್ಲೇ ಹುಟ್ಟಿತು.

ಮುಗಿದ ಆಲ್ಬಂ ಮೇಷ್ಟ್ರಿಗೆ ತೋರಿಸಿದೆ. ಒಂದೊಂದೇ ಹಾಳೆ ತಿರುವಿ, ಏನೂ ಹೇಳದೆ ಕೊನೆವರೆಗೆ ಹೋದರು. ಮತ್ತೆ ಮೊದಲಿಗೆ ಬಂದು, "ಏನಮ್ಮ, ಇವರೆಲ್ಲ ಕೈಯನ್ನು ದುಪಟ್ಟಾ ಒಳಗೆ ಯಾಕೆ ಇಟ್ಟುಕೊಂಡಿದ್ದಾರೆ?" ಎಂದರು. ಬೆರಳು ಬರೆಯಲು ಬರುವುದಿಲ್ಲ ಎಂದು ಅವರಿಗೆ ಗೊತ್ತಾಗಿಹೋಗಿತ್ತು. ಮುಂದಿನ ಭಾನುವಾರದಿಂದ ಬರೀ ಕೈ. ಫೀಸು ಅದೇ 800.